ಮಾಯಮ್ಮ ಸುಟ್ಟ ಬಿಟ್ಟಿ ಬದನೆಕಾಯಿ

ಮಾಯಮ್ಮನ ವಿಷಯ ಎತ್ತಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ನಗು ಬರುತ್ತದೆ, ಕೊನೆಗೆ ಹೊಟ್ಟೆ ಹಸಿಯುತ್ತದೆ. ಸಿಟ್ಟು ಅವಳ ಮೇಲಲ್ಲ. ಅವಳ ಬಾಯಿಂದ ತಮಗೆ ಬೇಕಾದ್ದನ್ನು ಹೇಳಿಸಲು ಸುತ್ತ ನಿಂತಿದ್ದರಲ್ಲ, ಆ ಮಹಾನುಭಾವರ ಮೇಲೆ. ಮಾಯಮ್ಮನ ಮೇಲೆ ನನಗಿರುವುದು ಬರೀ ಪ್ರೀತಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಕ್ಷಪಾತಿ ಅನ್ನಬಾರದು.

ನಾನು ಹಂಸ. ಹೊಳೆನರಸೀಪುರದಲ್ಲಿ ಮನೆ. ಹಳ್ಳಿಮೈಸೂರಿನಿಂದ ಇನ್ನೂ ಒಳಕ್ಕೆ ಹೋದರೆ ಸಿಗುವ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ಬಹಳ ವರ್ಷ ಟೀಚರ್ ಆಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಊರು ‘ನಮ್ಮ ಮಾನ ಕಳೆದಿರಿ’ ಅಂತ ಬರುತ್ತದೆ, ಇನ್ನರ್ಧ ‘ನಮ್ಮ ಹೆಸರು ಯಾಕೆ ಹಾಕಲಿಲ್ಲ’ ಅಂತ ಬರುತ್ತದೆ. ಇಬ್ಬರಿಗೂ ಕಾಫಿ ಮಾಡಿಕೊಡುವಷ್ಟು ತಾಳ್ಮೆ ನನಗಿಲ್ಲ.

ಮಾಯಮ್ಮ ಆ ಊರಿಗೆ ಅರಕಲಗೂಡು ಕಡೆಯಿಂದ ಸೊಸೆಯಾಗಿ ಬಂದವಳು. ತೊಂಬತ್ತರ ದಶಕದಲ್ಲಿ ಗಂಡ ತೀರಿಕೊಂಡ ಮೇಲೆ ಊರಿನ ತಿಥಿ, ನಾಮಕರಣ, ಬೀಗರೂಟಗಳಿಗೆಲ್ಲ ಅಡುಗೆ ಮಾಡಿ ಒಬ್ಬಳೇ ಮಗಳನ್ನು ಬೆಳೆಸಿ ಮದುವೆ ಮಾಡಿದಳು. ಶಾಲೆಗಳಿಗೆ ಬಿಸಿಯೂಟ ಬಂದಾಗ ಊರಿನವರು ಎರಡನೇ ಮಾತಿಲ್ಲದೆ ಅವಳನ್ನೇ ಒಲೆಯ ಮುಂದೆ ಕೂರಿಸಿದರು. ಕುಳ್ಳಗೆ, ಗುಂಡಗೆ ಇದ್ದಳು, ಬಾಯಿ ಮಾತ್ರ ಊರಗಲ. ಅನ್ನ ಬಿಡುವ ಮಕ್ಕಳಿಗೆ, “ತಿನ್ಲಾ ಮೂದೇವಿ, ಒಂದಗಳು ಬುಟ್ರೂ ಸೌಟಲ್ಲಿ ಬಾರುಸ್ತೀನಿ” ಎಂದು ಬೈಯುತ್ತ ಅದೇ ಸೌಟಿನಲ್ಲಿ ಇನ್ನಷ್ಟು ಬಡಿಸುತ್ತಿದ್ದಳು. ಆ ಮಕ್ಕಳು ಬೈಸಿಕೊಳ್ಳುವುದಕ್ಕೆಂದೇ ಎರಡನೇ ಸಲ ತಟ್ಟೆ ಒಡ್ಡುತ್ತಿದ್ದವು.

ಹಾಗಂತ ಮಾಯಮ್ಮ ಸಕಲಗುಣಸಂಪನ್ನೆ ಏನಲ್ಲ. ಹಟಮಾರಿ. ತರಕಾರಿ ಬೇಯಿಸುವಾಗ ಪಾತ್ರೆ ಮುಚ್ಚಬೇಕು, ಇಲ್ಲದಿದ್ದರೆ ಸತ್ವ ಹೋಗುತ್ತದೆ ಎಂದು ನಾನು ಎಷ್ಟು ಬಡಿದುಕೊಂಡರೂ ಕೇಳುತ್ತಿರಲಿಲ್ಲ. “ಮುಚ್ಚುದ್ರೆ ಅದುಕ್ಕೆ ಉಸ್ರು ಕಟ್ಟಲ್ವಾ ಮೇಡಮ್ಮೋರೆ?” ಎನ್ನುತ್ತಿದ್ದಳು. ಬೇಯುತ್ತಿರುವ ಹುರುಳಿಕಾಯಿಗೆ ಉಸಿರು! ಇಂಥವಳ ಹತ್ತಿರ ಏನು ವಾದ ಮಾಡುತ್ತೀರಿ?

ಮಕ್ಕಳಿಗೆ ಬಡಿಸುವ ಮುಂಚೆ ಟೀಚರುಗಳು ತಿಂದು ನೋಡಬೇಕು ಎಂದು ಸರ್ಕಾರದ ಆದೇಶವಿತ್ತು. ನಮ್ಮ ಹೆಡ್‌ಮೇಷ್ಟ್ರು ಬಸವರಾಜು ಅವರಿಗೆ ಗ್ಯಾಸ್ಟ್ರಿಕ್. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹೊಸ್ತಿಲು ದಾಟುವಂತಿಲ್ಲ. ಸಾಯಂಕಾಲ ನಾನು ಬಾಯಿ ತೆರೆದರೆ ಅತ್ತೆ ಚೂಡಾಮಣಿಯವರು ಮೂಗಿಗೆ ಸೆರಗು ಹಿಡಿದು, “ಏನೇ ಇದು ವಾಸನೆ?” ಎನ್ನುತ್ತಿದ್ದರು. “ಸರ್ಕಾರದ ಆದೇಶ ಅಮ್ಮ” ಎನ್ನುತ್ತಿದ್ದೆ. ಸರ್ಕಾರ ನನಗೆ ಮಾಡಿದ ದೊಡ್ಡ ಉಪಕಾರ ಅದು.

ಇನ್ನು ಕಥೆಗೆ ಬರುತ್ತೇನೆ. ಶಾಲೆಯ ಹಿಂದೆ ರಾಮಣ್ಣನವರ ಹೊಲ. ಎರಡು ಸಾವಿರದ ಆರನೇ ಇಸವಿ ಬೇಸಿಗೆಯಲ್ಲಿ ಅದರ ಒಂದು ಮೂಲೆಯನ್ನು ಒಂದು ಬೀಜದ ಕಂಪನಿಯವರು ಗುತ್ತಿಗೆಗೆ ಹಿಡಿದು ಬದನೆ ನೆಟ್ಟರು. ಅದು ಸಾಧಾರಣ ಬದನೆಯಲ್ಲ. ಮಣ್ಣಿನಲ್ಲಿರುವ ಯಾವುದೋ ಸೂಕ್ಷ್ಮಾಣುವಿನ ಗುಣವನ್ನು ತೆಗೆದು ಬದನೆಯ ಬೀಜದೊಳಕ್ಕೇ ಸೇರಿಸಿದ್ದರಂತೆ. ಕಾಯಿ ಕೊರೆಯುವ ಹುಳು ಕಚ್ಚಿದರೆ ಹುಳುವೇ ಸಾಯುತ್ತದಂತೆ. ಇನ್ನೂ ಪರೀಕ್ಷೆಯಲ್ಲಿದ್ದ ಬೆಳೆ, ತಿನ್ನಲು ಸರ್ಕಾರದ ಒಪ್ಪಿಗೆ ಸಿಕ್ಕಿರಲಿಲ್ಲ. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಕಂಪನಿಯ ಕಡೆಯಿಂದ ಒಬ್ಬ ಹುಡುಗ ಮೋಟರ್‌ಬೈಕಿನಲ್ಲಿ ಬರುತ್ತಾನೆ, ಕಾಯಿ ಕೀಳಿಸಿ ತೂಕ ಹಾಕುತ್ತಾನೆ, ಹೋಗುತ್ತಾನೆ. ಅವನ ಹೆಸರು ವಿಶ್ವಾಸ್. ನೋಡಿ, ಇಡೀ ಪ್ರಕರಣದಲ್ಲಿ ಊರಿನವರಿಗೆ ಸಿಕ್ಕ ವಿಶ್ವಾಸ ಅಷ್ಟೇ.

ಹೊಲ ಕಾಯಲು ಚೆನ್ನಯ್ಯ ಎಂಬುವನನ್ನು ಇಟ್ಟಿದ್ದರು. ಒಳ್ಳೆಯವನು, ಆದರೆ ಕಿವಿ ಸ್ವಲ್ಪ ಮಂದ. ವಿಶ್ವಾಸ್ ಅವನಿಗೆ ಹೇಳಿದ್ದು ಹೀಗೆ: “ಇದು ಬಿಟಿ ಬದನೆ. ಒಂದು ಕಾಯಿನೂ ಮಾರಬಾರದು. ತೂಕ ಆದ ಮೇಲೆ ಎಲ್ಲ ಸುಟ್ಟುಬಿಡಬೇಕು.” ಬಿಟಿ ಅಂದರೆ ಆ ಸೂಕ್ಷ್ಮಾಣುವಿನ ಇಂಗ್ಲಿಷ್ ಹೆಸರಿನ ಗಿಡ್ಡ ರೂಪ. ಚೆನ್ನಯ್ಯನ ಕಿವಿಗೆ ಬಿದ್ದದ್ದು ಬಿಟ್ಟಿ.

ಅವತ್ತೇ ಶಾಲೆಯ ಬೇಲಿಯ ಆ ಕಡೆಯಿಂದ ಚೆನ್ನಯ್ಯ ಕೂಗಿದ. ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ.

“ಅಕ್ಕಯ್ಯ, ಇದು ಬಿಟ್ಟಿ ಬದ್ನೆಕಾಯಂತೆ ಕಣವ್ವ. ಮಾರಂಗಿಲ್ವಂತೆ.”

“ಮಾರ್ದೆ ಇನ್ನೇನ್ ಮಾಡ್ಬೇಕಂತೆ?”

“ತೂಕ ಆದ್ಮ್ಯಾಕೆ ಎಲ್ಲಾನೂ ಸುಡ್ಬೇಕಂತೆ.”

“ಸುಡಕೇ ಯೋಳವ್ರಾ?”

“ಊಂ ಕಣಕ್ಕ, ಸುಡಕೇ.”

“ಅಂಗಾರೆ ಗೊಜ್ಜಿಗೆ ಅಂತ್ಲೇ ಬೆಳ್ದವ್ರೆ ಬುಡು. ತತ್ತಾ ಇಲ್ಲಿ.”

ಅಲ್ಲ, ನೀವೇ ಹೇಳಿ. ನಮ್ಮ ಸೀಮೆಯಲ್ಲಿ ಬದನೆಕಾಯಿ ಸುಡು ಎಂದರೆ ಯಾರಿಗಾದರೂ ಬೇರೆ ಅರ್ಥ ಹೊಳೆಯುತ್ತದೆಯೇ? ಬಿಟ್ಟಿ ಕೊಟ್ಟಿದ್ದಾರೆ, ಮಾರಬಾರದು, ಸುಡಬೇಕು. ಮೂರು ಮಾತೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂತಿವೆ! ತರಕಾರಿಗೆಂದು ಸರ್ಕಾರ ಕೊಡುವ ಪುಡಿಗಾಸಿನಲ್ಲಿ ಮಕ್ಕಳಿಗೆ ನೀರು ಸಾರು ಕಾಯಿಸುತ್ತಿದ್ದ ಮಾಯಮ್ಮನಿಗೆ ಅದು ದೇವರು ಕೊಟ್ಟ ಕೊಡುಗೆಯಾಗಿ ಕಂಡಿತು. ಗ್ಯಾಸ್ ಒಲೆ ಆರಿಸಿ, ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಕೆಂಡ ಮಾಡಿ, ಬುಟ್ಟಿ ಬುಟ್ಟಿ ಬದನೆಕಾಯಿ ಸುಟ್ಟಳು. ಆ ವಾಸನೆಗೆ ಮೂರನೇ ತರಗತಿಯ ಮಗ್ಗಿ ನಿಂತುಹೋಯಿತು. ಆದೇಶದ ಪ್ರಕಾರ ನಾನು ರುಚಿ ನೋಡಿದೆ. ಆದೇಶ ಒಂದು ತುತ್ತು ಎಂದಿತ್ತು, ನಾನು ಒಂದು ತಟ್ಟೆ ನೋಡಿದೆ.

ಜೂನ್ ತಿಂಗಳ ಮಾತು ಅದು. ಜುಲೈ ಹೊತ್ತಿಗೆ ಜ್ವರ ಬಂತು.

ಆ ವರ್ಷದ ಚಿಕುನ್‌ಗುನ್ಯವನ್ನು ನೋಡಿದವರು ಮರೆಯಲಾರರು. ಜ್ವರ ಬಿಟ್ಟರೂ ಗಂಟು ಬಿಡುತ್ತಿರಲಿಲ್ಲ. ನಿನ್ನೆ ಗುದ್ದಲಿ ಹೊತ್ತು ಹೋದವರು ಇವತ್ತು ಲೋಟ ಎತ್ತಲಾರರು. ಊರಿಗೆ ಊರೇ ಗೋಡೆ ಹಿಡಿದು ನಡೆಯಿತು. ‘ಚಿಕನ್ ಗುನ್ಯ’ ಎಂದು ಕೇಳಿಸಿಕೊಂಡ ಜನ ಮೊದಲು ಕೋಳಿ ತಿನ್ನುವುದು ಬಿಟ್ಟರು. ಹಳ್ಳಿಮೈಸೂರಿನ ಕೋಳಿ ಅಂಗಡಿಯವನು ಬಾಗಿಲು ಹಾಕಿಕೊಂಡು ಮಲಗಿದ, ಪಾಪ, ಅವನಿಗೂ ಅದೇ ಜ್ವರ. ಕೋಳಿ ಬಿಟ್ಟರೂ ಜ್ವರ ನಿಲ್ಲಲಿಲ್ಲ. ಆಗಲೇ ಹಾಸನದಿಂದ ಹೋರಾಟಗಾರರು ಒಂದಷ್ಟು ಜನ ಜೀಪಿನಲ್ಲಿ ಬಂದು, ರಾಮಣ್ಣನವರ ಹೊಲದಲ್ಲಿರುವುದು ಪ್ರಯೋಗದ ಬದನೆ, ಅದರೊಳಗೆ ಸೂಕ್ಷ್ಮಾಣುವಿನ ಅಂಶ ಇದೆ ಎಂದು ಭಾಷಣ ಮಾಡಿ ಹೋದರು. ಅವರು ಹೇಳಿದ್ದು ಸೂಕ್ಷ್ಮಾಣು. ಅರಳಿಕಟ್ಟೆಗೆ ಬರುವಷ್ಟರಲ್ಲಿ ಅದು ರೋಗಾಣು ಆಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಾಯಿಲೆಯನ್ನು ಬೀಜಕ್ಕೆ ತುಂಬಿ, ಬೀಜ ಬದನೆಯಾಗಿ, ಬದನೆಯನ್ನು ಮಾಯಮ್ಮ ಸುಟ್ಟು ಮಕ್ಕಳಿಗೆ ತಿನ್ನಿಸಿದಳು ಎಂದು ಊರೆಲ್ಲ ಗುಲ್ಲಾಯಿತು.

ಆ ವಾರ ನಾನೂ ಹೊಳೆನರಸೀಪುರದಲ್ಲಿ ಹಾಸಿಗೆ ಹಿಡಿದಿದ್ದೆ. ಪಕ್ಕದ ಮಂಚದಲ್ಲಿ ಅತ್ತೆ. ಎದ್ದು ಶಾಲೆಗೆ ಬಂದು ನೋಡುತ್ತೇನೆ, ಊಟದ ಗಂಟೆ ಹೊಡೆದರೂ ಒಂದು ಮಗುವೂ ತಟ್ಟೆ ತೆಗೆಯುತ್ತಿಲ್ಲ. ಮನೆ ಹತ್ತಿರವಿದ್ದವರು ಓಡಿಹೋದರು, ಕೆಲವರು ಡಬ್ಬಿ ಬಿಚ್ಚಿದರು. ಬೆಳಗ್ಗೆ ಮನೆಯಲ್ಲಿ ಒಲೆ ಹಚ್ಚುವ ಶಕ್ತಿ ಯಾರಿಗೂ ಇಲ್ಲದ ಮಕ್ಕಳು ನಲ್ಲಿಯಲ್ಲಿ ನೀರು ಕುಡಿದು ಬಂದು ಕೂತವು. ಮಾಯಮ್ಮ ತುಂಬಿದ ಪಾತ್ರೆಯ ಮುಂದೆ ಕೂತಿದ್ದಳು. ಅವಳ ಮೊಣಕಾಲು ಊದಿತ್ತು, ಕೈಬೆರಳು ಮಡಚುತ್ತಿರಲಿಲ್ಲ.

“ಏನು ಮಾಯಮ್ಮ ಇದು?” ಎಂದೆ.

“ನನ್ ಕೈ ಇಸ ಅಂತೆ ಮೇಡಮ್ಮೋರೆ,” ಎಂದಳು. “ಈ ಕೈಲಿ ಇಕ್ಕಿದ್ನ ಇನ್ನ್ ಮ್ಯಾಕೆ ಯಾರೂ ತಿನ್ನಲ್ವಂತೆ.”

ಊರಗಲ ಬಾಯಿಯವಳು ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳಿಗೆ ಬೇರೆ ಆಸ್ತಿ ಏನಿತ್ತು? ಆ ಕೈಯೊಂದೇ.

ಸೌಜನ್ಯ ಎಂಬ ತಾಯಿ ಎಲ್ಲರಿಗಿಂತ ಜೋರಾಗಿದ್ದಳು. ಅವಳ ಮಗಳು ಚಂದನ ಎರಡನೇ ತರಗತಿ. ಮಗುವಿಗೆ ಜ್ವರ ಬಿಟ್ಟಿದ್ದರೂ ಪಾದ ಊರಲು ಆಗುತ್ತಿರಲಿಲ್ಲ, ಸೌಜನ್ಯ ಸೊಂಟದ ಮೇಲೆ ಹೊತ್ತು ತರುತ್ತಿದ್ದಳು. ಹಿಂದಿನ ವಾರವೇ ಶಾಲೆಗೆ ನುಗ್ಗಿ ಕೇಳಿದ್ದಳಂತೆ, “ನನ್ ಕೂಸಿಗೆ ಏನ್ ಇಕ್ದೆ ಯೋಳು ಮಾಯಮ್ಮ” ಎಂದು. ಮಾಯಮ್ಮ ಬಾಯಿ ತೆರೆಯುವ ಮುಂಚೆ ಹೆಡ್‌ಮೇಷ್ಟ್ರು ಅಡ್ಡ ಬಂದು, “ಆ ಬದನೆಕಾಯಿ ನಮ್ಮ ಶಾಲೆ ಒಳಗೇ ಬಂದಿಲ್ಲಮ್ಮ” ಎಂದುಬಿಟ್ಟಿದ್ದರು. ಗೊಜ್ಜು ತಿಂದ ಮಕ್ಕಳೇ ಎದುರಿಗೆ ನಿಂತಿರುವಾಗ!

ನಾನು ಹೆಡ್‌ಮೇಷ್ಟ್ರನ್ನು ತರಾಟೆಗೆ ತೆಗೆದುಕೊಂಡೆ. ಅವರು ಕೆಟ್ಟವರಲ್ಲ, ಹೆದರಿದವರು. “ಮೇಡಂ, ಒಪ್ಪಿಕೊಂಡರೆ ಬಿಸಿಯೂಟನೇ ನಿಲ್ಲಿಸ್ತಾರೆ. ಆಮೇಲೆ ಈ ಮಕ್ಕಳಿಗೆ ನೀವು ಮನೆಯಿಂದ ಪುಳಿಯೋಗರೆ ತರ್ತೀರಾ?” ಎಂದರು. ಇದೇ ಮಾತನ್ನು ಮಾಯಮ್ಮನ ತಲೆಗೂ ತುಂಬಿದ್ದರು. ಅವಳ ಬಾಯಿ ಕಟ್ಟಿದ್ದು ಜೈಲಿನ ಭಯವಲ್ಲ, ಒಲೆ ಆರಿಹೋಗುವ ಭಯ. ನಿಜ ಹೇಳಿದರೆ ಊಟ ನಿಲ್ಲುತ್ತದೆ, ಸುಳ್ಳು ಹೇಳಿದರೆ ಊಟ ಇರುತ್ತದೆ ಆದರೆ ತಿನ್ನುವವರಿಲ್ಲ. ಆ ಬಡಪಾಯಿ ಹೆಂಗಸು ಎತ್ತ ಹೋಗಬೇಕು?

ನಾನು ಸುಮ್ಮನಿರುವ ಜಾತಿಯಲ್ಲ. ಸೀದಾ ಸೌಜನ್ಯಳ ಮನೆಗೆ ಹೋದೆ. “ಬಡಿಸಿದ್ದು ನಿಜ ಕಣಮ್ಮ, ನಾನೂ ತಿಂದಿದ್ದೀನಿ. ಆದರೆ ಜ್ವರ ಅದರಿಂದ ಅಲ್ಲ. ನಮ್ಮತ್ತೆ ಕಾಶಿಗೆ ಹೋದಾಗ ಬದನೆಕಾಯಿ ಬಿಟ್ಟು ಬಂದವರು. ಅವತ್ತಿನಿಂದ ಒಂದು ಹೋಳು ಮುಟ್ಟಿಲ್ಲ. ಅವರಿಗೂ ಇದೇ ಜ್ವರ ಬಂದಿದೆಯಲ್ಲ?” ಎಂದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದುಕೊಂಡಿದ್ದೆ ನಾನು.

ಸೌಜನ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನೀವ್ ತಿಂದು ಮನೆಗೋಗಿ ಅಂಟ್ಸಿರ್ತೀರಿ ಮೇಡಂ,” ಎಂದಳು. ಆಮೇಲೆ ಸ್ವಲ್ಪ ತಣ್ಣಗಾಗಿ, “ನೀವು ಬಸ್ಸಲ್ಲಿ ಬಂದು ಬಸ್ಸಲ್ಲಿ ಓಗೋರು. ಮಾಯಮ್ಮ ಯೋಳ್ಲಿ. ಇಕ್ಕಿದೋಳು ಅವ್ಳು,” ಎಂದಳು. ನನ್ನ ಕಾಶಿಯ ಪುರಾವೆ ಅಲ್ಲಿಗೆ ಮಣ್ಣುಪಾಲಾಯಿತು.

ಗಲಾಟೆ ಪೇಪರಿಗೆ ಹೋಯಿತು, ಪೇಪರಿನಿಂದ ಮೇಲಕ್ಕೆ ಹೋಯಿತು, ವಿಚಾರಣೆಗೆಂದು ಒಬ್ಬ ಅಧಿಕಾರಿ ಬಂದರು. ಜೊತೆಗೆ ಆರೋಗ್ಯ ಇಲಾಖೆಯ ಒಬ್ಬ ವಯಸ್ಸಾದ ಡಾಕ್ಟರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ಅದಕ್ಕೂ ಮುಂಚೆ ಮಾಯಮ್ಮನನ್ನು ಒಬ್ಬೊಬ್ಬರೇ ಕರೆದು ಪಾಠ ಹೇಳಿಕೊಟ್ಟರು ನೋಡಿ, ಅದನ್ನು ನೆನೆದರೇ ನನಗೆ ಮೈ ಉರಿಯುತ್ತದೆ. ಹೋರಾಟಗಾರರು, “ನಿಮ್ಮ ಮೊಣಕಾಲು ತೋರಿಸಿ, ಬದನೆಕಾಯಿಂದಲೇ ಹೀಗಾಯ್ತು ಅನ್ನಿ” ಎಂದರು. ವಿಶ್ವಾಸ್ ಬಂದು, “ಅಮ್ಮ, ಸುಟ್ಟೆವು ಅಂತ ಹೇಳಿ ಸಾಕು” ಎಂದ, ಮುಖದಲ್ಲಿ ರಕ್ತವೇ ಇರಲಿಲ್ಲ ಹುಡುಗನಿಗೆ. ಹೆಡ್‌ಮೇಷ್ಟ್ರು, “ಅಷ್ಟೇ ಮಾಯಮ್ಮ, ಸುಟ್ಟೆ ಅನ್ನು. ಸುಳ್ಳೂ ಅಲ್ಲವಲ್ಲ” ಎಂದರು. ಸುಳ್ಳಲ್ಲ, ನಿಜ! ಮೇಷ್ಟ್ರ ಬುದ್ಧಿ ಅಲ್ಲಿ ಮಾತ್ರ ಚುರುಕಾಗಿತ್ತು.

ಕೋಣೆ ತುಂಬಿತ್ತು. ಬಾಗಿಲ ಹತ್ತಿರ ಸೌಜನ್ಯ, ಸೊಂಟದ ಮೇಲೆ ಚಂದನ. ಮಾಯಮ್ಮ ಗೋಡೆ ಹಿಡಿದು ಎದ್ದು ನಿಂತಳು.

“ಹೆದರಬೇಡಿ,” ಎಂದರು ಅಧಿಕಾರಿ. “ಆ ಕಾಯಿಗಳನ್ನ ಏನು ಮಾಡಬೇಕು ಅಂತ ಹೇಳಿದ್ದರು?”

“ಸುಡಿ ಅಂದಿದ್ರಂತೆ ಸಾ.”

“ಸುಟ್ಟಿರಾ?”

“ಸುಟ್ಟೆ ಸಾ.”

“ಪೂರ್ತಿ?”

“ಒಂದೂ ಬುಡ್ದಂಗೆ.”

ಅಧಿಕಾರಿಯ ಮುಖ ಅರಳಿತು. “ಬರ್ಕೊಳ್ರಿ, ಪೂರ್ತಿ ಸುಡಲಾಗಿದೆ,” ಎಂದು ಗುಮಾಸ್ತನಿಗೆ ಹೇಳಿದರು. ಹೆಡ್‌ಮೇಷ್ಟ್ರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. “ಆಯ್ತಮ್ಮ, ನೀವಿನ್ನು ಕೂತ್ಕೊಳ್ಳಿ.”

ಮಾಯಮ್ಮ ಕೂರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದಳು. ಚಂದನ ಅಮ್ಮನ ಹೆಗಲ ಮೇಲೆ ತಲೆ ಇಟ್ಟು ಇವಳನ್ನೇ ನೋಡುತ್ತಿತ್ತು.

“ಇನ್ನೂ ಐತೆ ಸಾ,” ಎಂದಳು.

“ಇನ್ನೇನು?”

“ಸುಟ್ಟು, ಸಿಪ್ಪೆ ಬುಡುಸ್ದೆ.”

ಗುಮಾಸ್ತನ ಪೆನ್ನು ನಿಂತಿತು.

“ಕಿವುಚ್ದೆ. ಅಸಿ ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಾಕ್ದೆ. ಉಣ್ಸೆ ಉಳಿ ಬುಟ್ಟು ಒಗ್ಗರಣೆ ಕೊಟ್ಟೆ. ಅನ್ನದ್ ಜೊತೆ ಮಕ್ಕಳ್ಗೆ ಇಕ್ದೆ ಸಾ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ವಿಶ್ವಾಸ್ ಎದ್ದು, “ಸುಡಿ ಅಂದ್ರೆ ನಾಶ ಮಾಡಿ ಅಂತಮ್ಮ! ಅಡುಗೆ ಮಾಡಿ ಅಂತಲ್ಲ!” ಎಂದು ಅಳುವ ದನಿಯಲ್ಲಿ ಹೇಳಿದ.

“ಅಂಗಂತ ಯೋಳ್ಬೇಕಾಗಿತ್ತು ಕಣಪ್ಪ,” ಎಂದಳು ಮಾಯಮ್ಮ. ಬೈಯಲಿಲ್ಲ, ಮಗನಿಗೆ ಹೇಳಿದ ಹಾಗೆ ಹೇಳಿದಳು. “ಮಾರ್ಬ್ಯಾಡಿ ಅಂದ್ರಿ, ಮಾರ್ನಿಲ್ಲ. ಸುಡಿ ಅಂದ್ರಿ, ಸುಟ್ಟೆ. ತಿನ್ಬ್ಯಾಡಿ ಅಂತ ಒಬ್ರಾದ್ರೂ ಯೋಳುದ್ರಾ?”

ಮಾಯಮ್ಮ ಸೌಜನ್ಯಳ ಕಡೆ ತಿರುಗಿದಳು.

“ಸೌಜನ್ಯ, ನಿನ್ ಮಗಳು ತಿಂದೈತೆ ಕಣವ್ವ. ಎಲ್ಡು ಸಲ ಇಕ್ಕುಸ್ಕೊಂಡು ತಿಂತು. ನಾನೂ ತಿಂದಿವ್ನಿ. ಜರ ಅದ್ರಿಂದ ಬಂತೋ, ಸೊಳ್ಳೆಯಿಂದ ಬಂತೋ, ನಂಗೊತ್ತಿಲ್ಲ. ಗೊತ್ತಿಲ್ದಿದ್ದ ಯೋಳಕಿಲ್ಲ. ನಾನ್ ಇಕ್ದೆ ಅನ್ನೋದ್ ಮಾತ್ರ ನಿಜ.” ಇಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು.

ನಾನು ಅತ್ತುಬಿಟ್ಟೆ. ನಾಚಿಕೆ ಏನು, ಅತ್ತುಬಿಟ್ಟೆ. ಸೌಜನ್ಯ ಮಗುವನ್ನು ಎತ್ತಿಕೊಂಡು ಹೊರಟುಹೋದಳು.

ಅವತ್ತು ಸಾಯಂಕಾಲ ಡಾಕ್ಟರು ನಾನು ಬರುತ್ತಿದ್ದ ಬಸ್ಸಿಗೇ ಹತ್ತಿದರು, ಅವರ ಜೀಪು ಕೆಟ್ಟಿತ್ತಂತೆ. “ಜ್ವರ ಸೊಳ್ಳೆಯದ್ದೇ ಮೇಡಂ, ಅನುಮಾನವೇ ಇಲ್ಲ. ಊರ ತುಂಬ ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟಿದ್ದಾರೆ. ಬದನೆಕಾಯಿ ಪಾಪ ನಿರಪರಾಧಿ, ಈ ವಿಷಯದಲ್ಲಿ,” ಎಂದರು. ಹಾಗಾದರೆ ಇಷ್ಟೆಲ್ಲ ಗಲಾಟೆ ದಂಡವೇ ಎಂದು ಕೇಳಿದೆ. ಅವರು ನಕ್ಕರು. ಯುರೋಪಿನ ಕಡೆ ಹಸುಗಳಿಗೆ ಹುಚ್ಚು ಹಿಡಿಯುವ ಕಾಯಿಲೆ ಬಂದಿತ್ತಂತೆ. ಮಾಂಸ ತಿನ್ನಿ, ಏನೂ ಆಗುವುದಿಲ್ಲ ಎಂದು ದೊಡ್ಡವರೆಲ್ಲ ಹೇಳಿದರಂತೆ. ಆಮೇಲೆ ತಿಂದವರಲ್ಲಿ ಕೆಲವರು ಸತ್ತರು. ಆ ಕಾಯಿಲೆಗೂ ಇಂಥ ಹೊಸ ಬೀಜಗಳಿಗೂ ಸಂಬಂಧವೇ ಇರಲಿಲ್ಲ. ಆದರೂ ಜನ ಅವತ್ತಿನಿಂದ ಊಟದ ವಿಷಯದಲ್ಲಿ ಯಾರ ಮಾತನ್ನೂ ನಂಬಲಿಲ್ಲ. ಈ ಬೀಜಗಳ ಮೇಲೆ ಅಲ್ಲಿ ಕಾನೂನು ಅಷ್ಟು ಬಿಗಿಯಾಗಿದ್ದಕ್ಕೆ ಅದೂ ಒಂದು ಕಾರಣವಂತೆ. “ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತೀವಲ್ಲ, ಹಾಗೆ,” ಎಂದರು. “ಆದರೆ ಕೊಂಬೆ ಮೊದಲೇ ಟೊಳ್ಳಾಗಿತ್ತು ಅನ್ನೋದೂ ಗೊತ್ತಾಗುತ್ತಲ್ಲ ಮೇಡಂ.”

ನಮ್ಮಲ್ಲೂ ಹಾಗೇ ಆಯಿತು. ಜ್ವರ ಬರದಿದ್ದರೆ ಆ ಹೊಲದ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಜ್ವರದ ಭಯಕ್ಕೆ ಪಂಚಾಯಿತಿ ಸಭೆ ಸೇರಿತು. ಪ್ರಯೋಗದ ಬೆಳೆ ಇಡುವವರು ಮೊದಲು ಊರಿಗೆ ತಿಳಿಸಬೇಕು, ತಮಟೆ ಹೊಡೆಸಿ ಸಾರಿಸಬೇಕು, ಬೇಲಿ ಹಾಕಬೇಕು, ಬೋರ್ಡು ಕನ್ನಡದಲ್ಲಿರಬೇಕು ಎಂದು ನಿರ್ಣಯ ಮಾಡಿತು. ಬೋರ್ಡಿನಲ್ಲಿ ‘ಸುಡತಕ್ಕದ್ದು’ ಎಂದು ಬರೆಯಕೂಡದು, ‘ತಿನ್ನಬಾರದು’ ಎಂದೇ ಬರೆಯಬೇಕು ಎಂದು ಚೆನ್ನಯ್ಯ ಎದ್ದು ನಿಂತು ಸೇರಿಸಿದ. ಕಂಪನಿಯವರು ಗಿಡಗಳನ್ನೆಲ್ಲ ಕಿತ್ತು, ಗುಡ್ಡೆ ಹಾಕಿ, ಸೀಮೆಎಣ್ಣೆ ಸುರಿದು, ಈ ಸಲ ನಿಜವಾಗಿ ಸುಟ್ಟರು. ಆ ಬದನೆ ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊಜ್ಜು ಚೆನ್ನಾಗಿತ್ತು, ಅಷ್ಟು ಗೊತ್ತು.

ಆದರೆ ಯಾರ ತಲೆಯಾದರೂ ಉರುಳಬೇಕಲ್ಲ? ಒಪ್ಪಿಗೆಯಿಲ್ಲದ ಪದಾರ್ಥ ಬಡಿಸಿದ ತಪ್ಪಿಗೆ ಮಾಯಮ್ಮನನ್ನು ಕೆಲಸದಿಂದ ತೆಗೆದು ಆದೇಶ ಬಂತು. ಬಿಸಿಯೂಟ ನಿಲ್ಲಲಿಲ್ಲ. ಹೆಡ್‌ಮೇಷ್ಟ್ರು ಸುಮ್ಮನೆ ಹೆದರಿಸಿದ್ದರು. ಬೇರೊಬ್ಬ ಅಡುಗೆಯವಳನ್ನು ತಂದು ಕೂರಿಸಿದರು. ಅವಳು ಪಾತ್ರೆ ಮುಚ್ಚಿಯೇ ಬೇಯಿಸುತ್ತಿದ್ದಳು.

ಮಕ್ಕಳು ಆಗಲೂ ತಟ್ಟೆ ತೆಗೆಯಲಿಲ್ಲ. ತಾಯಂದಿರು ಬಿಡಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಶಾಲೆಯ ಬಾಗಿಲಲ್ಲಿ ಸೌಜನ್ಯಳನ್ನು ಹಿಡಿದು ನಿಲ್ಲಿಸಿದೆ. “ಇನ್ನೇನಮ್ಮ ನಿಮ್ಮದು? ಅವಳನ್ನ ತೆಗೆದುಹಾಕಿದ್ದಾಯ್ತಲ್ಲ?”

“ತೆಗೀರಿ ಅಂತ ನಾವ್ಯಾರು ಯೋಳುದ್ವಿ?” ಎಂದು ಅವಳು ನನ್ನ ಮೇಲೇ ಎಗರಿದಳು. “ಅಷ್ಟ್ ಜನ ಕುಂತಿದ್ರು ಅವತ್ತು. ಇದ್ದದ್ದ ಇದ್ದಂಗೆ ಯೋಳುದ್ದು ಅವ್ಳೊಬ್ಳೇ. ಇವ್ಳು ಯಾರೋ ಏನೋ, ಏನ್ ಆಕ್ತಾಳೋ. ಮಾಯಮ್ಮ ಇಕ್ಕುದ್ರೆ ತಿಂತಾವೆ, ಇಲ್ದಿದ್ರೆ ಇಲ್ಲ.”

ಅಯ್ಯೋ ಪುಣ್ಯಾತ್ಗಿತ್ತಿ, ಇದನ್ನು ಆವತ್ತೇ ಹೇಳುವುದಕ್ಕೆ ನಿನಗೇನಾಗಿತ್ತು ಎಂದು ಬೈಯಬೇಕೆನಿಸಿತು. ಬೈಯಲಿಲ್ಲ, ಎಲ್ಲರನ್ನೂ ಬಸ್ಸು ಹತ್ತಿಸಿದೆ. ಕುಂಟುತ್ತ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಆ ಊರಿನ ತಾಯಂದಿರು ಹೊಳೆನರಸೀಪುರಕ್ಕೆ ಬಂದು ಶಿಕ್ಷಣ ಇಲಾಖೆಯ ಕಚೇರಿಯ ಮೆಟ್ಟಿಲ ಮೇಲೆ ಕೂತರು. ನನ್ನ ಅತ್ತೆ ಆ ನೋಯುವ ಕೈಯಲ್ಲೇ ಚಿತ್ರಾನ್ನ ಕಲಸಿ ಕಳಿಸಿದರು. ಆದೇಶ ಹಿಂದಕ್ಕೆ ಹೋಗುವ ತನಕ ಆ ಹೆಂಗಸರು ಏಳಲಿಲ್ಲ.

ಆದೇಶ ಹಿಂದಕ್ಕೆ ಹೋಯಿತು, ಮಾಯಮ್ಮ ಬರಲಿಲ್ಲ. ಮಗಳು ಹಿರೀಸಾವೆಯಲ್ಲಿ ರಸ್ತೆ ಬದಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದಳು, ಬಂದುಬಿಡು ಎಂದು ಕರೆಸಿದ್ದಳು. ನಾವು ಹೋದಾಗ ಮಾಯಮ್ಮ ಜಗಲಿಯ ಮೇಲೆ ಗಂಟು ಕಟ್ಟಿ ಇಟ್ಟುಕೊಂಡು ಕೂತಿದ್ದಳು. ನಾವು ಅಂದರೆ ನಾನು, ಸೌಜನ್ಯ, ಚಂದನ. ಮಗು ಈಗ ನಿಧಾನಕ್ಕೆ ನಡೆಯುತ್ತಿತ್ತು.

“ಬಾ ಮಾಯಮ್ಮ, ಸಾಕು ನಿನ್ನ ಬಿಗುಮಾನ,” ಎಂದೆ ನಾನು.

“ಬ್ಯಾಡ ಮೇಡಮ್ಮೋರೆ. ಇಸದ್ ಕೈ ಅಂದ್ಬುಟ್ರಲ್ಲ. ಅದ್ಯಾವ ಆದೇಶ್ದಲ್ಲಿ ವಾಪಸ್ ತಗೊಂತಾರೆ? ಹಿರೀಸಾವೆನಾಗೆ ನನ್ನ ಯಾರೂ ಕಾಣ್ರು. ಅಲ್ಲೇ ಇರ್ತೀನಿ,” ಎಂದಳು. ಕಣ್ಣು ಮಾತ್ರ ಮಗುವಿನ ಕಾಲಿನ ಮೇಲಿತ್ತು.

ನಾನು ಎಷ್ಟೋ ಹೇಳಿದೆ. ನನ್ನ ಮಾತು ಯಾವತ್ತು ಕೇಳಿದ್ದಾಳೆ ಅವಳು? ಸೌಜನ್ಯ ಚೀಲದಿಂದ ಚಂದನಳ ಶಾಲೆಯ ತಟ್ಟೆ ತೆಗೆದಳು, ಮಗುವನ್ನು ಜಗಲಿಯ ಮೇಲೆ ಕೂರಿಸಿ ತಟ್ಟೆಯನ್ನು ಅದರ ಮುಂದೆ ಇಟ್ಟಳು.

“ಇವತ್ತು ಇನ್ನೂ ಏನೂ ತಿಂದಿಲ್ಲ ಕಣವ್ವ ಇದು,” ಎಂದಳು.

ಮಾಯಮ್ಮ ತಟ್ಟೆಯನ್ನು ನೋಡಿದಳು. ಆಮೇಲೆ ಮೊಣಕಾಲಿಗೆ ಕೈ ಊರಿ ಎದ್ದು ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಅನ್ನದ ತಪ್ಪಲೆ, ಇನ್ನೊಂದರಲ್ಲಿ ಸಾರಿನ ಪಾತ್ರೆ. ಬಡಿಸದೆ ಹಾಗೇ ನಿಂತು, ಸೌಜನ್ಯಳ ಮುಖ ನೋಡುತ್ತ, ಕೋರ್ಟಿನಲ್ಲಿ ನಿಂತವರ ಹಾಗೆ ಹೇಳತೊಡಗಿದಳು.

“ಇದು ಉಳ್ಳಿಕಾಳು ಸಾರು ಕಣವ್ವ. ಕಾಳು ನಮ್ಮಣ್ಣನ ವಲದ್ದು. ಅಕ್ಕಿ ಸೊಸೈಟಿದು. ಕಾರದ್ ಪುಡಿ ನಾನೇ ಕುಟ್ಟಿದ್ದು. ಉಣ್ಸೆಅಣ್ಣು...”

“ಯೋಳ್ಬ್ಯಾಡ ಕಣವ್ವ,” ಎಂದಳು ಸೌಜನ್ಯ. “ಇಕ್ಕು.”